ಹೆಸರು ನಮ್ದು, ಪಹಣಿ ಬೇರೆಯವ್ರದ್ದು

2024ರ ಜನವರಿ. ಅರೇಬಿಕಾ ಕುಯ್ಲು ಮುಗೀತಾ ಬಂದಿತ್ತು, ರೋಬಸ್ಟಾ ಇನ್ನೂ ಗಿಡದ ಮೇಲೆ, ಕಾಫಿಬೀಜ ಸಿಪ್ಪೆ ಬಿಡಿಸಿ ವಿಂಗಡಿಸೋ ಕ್ಯೂರಿಂಗ್ ವರ್ಕ್ಸ್ ಗೇಟ್ ಮುಂದೆ ಲಾರಿಗಳ ಸಾಲು. ಒಂದು ಶನಿವಾರ ಬೆಳಿಗ್ಗೆ ಏಳಕ್ಕೆ ಎಕ್ಸ್‌ಪೋರ್ಟ್ ಸೆಕ್ಷನ್ ಮೇಡಂ ಫೋನು, "ಸಾರ್, ಇಟಲಿ ಬಯರ್ ವಾಟ್ಸಾಪ್ ಮಾಡಿದಾರೆ, ನಮಗೆ ಕಳಿಸಿದ ಮೇಲ್ ಎಲ್ಲಾ ವಾಪಸ್ ಬರ್ತಿದ್ಯಂತೆ, ನಂಗೂ ನಿನ್ನೆ ರಾತ್ರಿಯಿಂದ ಒಂದೂ ಮೇಲ್ ಬಂದಿಲ್ಲ." ಮೊಬೈಲಲ್ಲಿ ನಮ್ಮ ವೆಬ್‌ಸೈಟ್ ಓಪನ್ ಮಾಡಿದೆ. ನಮ್ಮ ಕಾಫಿ ತೋಟದ ಫೋಟೋ ಇರಬೇಕಾದ ಜಾಗದಲ್ಲಿ ಯಾವ್ಯಾವುದೋ ಜಾಹೀರಾತು ಲಿಂಕ್‌ಗಳು. ನೋಡಿದ ತಕ್ಷಣ ಗೊತ್ತಾಯ್ತು, ಡೊಮೇನ್, ಅಂದ್ರೆ ನಮ್ಮ ವೆಬ್‌ಸೈಟು, ಮೇಲು ಎರಡೂ ನಿಂತಿರೋ ಇಂಟರ್ನೆಟ್ ಹೆಸರು, ಎಕ್ಸ್‌ಪೈರ್ ಆಗಿದೆ.

ನಾನು ಇಲ್ಲಿ ಐಟಿ ನೋಡ್ಕೊಳ್ಳೋನು, ಬೆಂಗಳೂರಲ್ಲಿ ಹನ್ನೆರಡು ವರ್ಷ ಕೆಲಸ ಮಾಡಿ ಕೋವಿಡ್ ಟೈಮಲ್ಲಿ ಊರಿಗೆ ವಾಪಸ್ ಬಂದು ಚಿಕ್ಕಮಗಳೂರಿನ ಈ ಗ್ರೂಪ್ ಸೇರಿದವನು. ಗ್ರೂಪ್ ಅಂದ್ರೆ ಮೂಡಿಗೆರೆ, ಸಕಲೇಶಪುರ ಕಡೆ ಎಸ್ಟೇಟ್‌ಗಳು, ಕ್ಯೂರಿಂಗ್ ವರ್ಕ್ಸ್, ಎಕ್ಸ್‌ಪೋರ್ಟ್, ಕಾಫಿಪುಡಿ ಬ್ರಾಂಡು, ಮೂರು ರೆಸಾರ್ಟು, ಹಾಸನದಲ್ಲಿ ಗಾಡಿ ಶೋರೂಮು, ಒಂದು ಶಾಲೆ ಟ್ರಸ್ಟು, ಎಲ್ಲಾ ಸೇರಿ ಹನ್ನೊಂದು ಕಂಪನಿ. ಒಂದೊಂದು ಕಂಪನಿಗೂ ಒಬ್ಬೊಬ್ಬ ಮ್ಯಾನೇಜರ್ರು, ಒಬ್ಬೊಬ್ಬರೂ ತಮಗೆ ಬೇಕಾದಾಗ ಬೇಕಾದ ಕಡೆ ವೆಬ್‌ಸೈಟ್ ಮಾಡಿಸ್ಕೊಂಡಿದ್ದರು. ಸರ್ವರು, ನೆಟ್‌ವರ್ಕು, ಬ್ಯಾಕಪ್ಪು ಎಲ್ಲಾ ನನ್ನ ಲಿಸ್ಟಲ್ಲಿತ್ತು. ಡೊಮೇನ್ ಅನ್ನೋದು ಮಾತ್ರ ಯಾರ ಲಿಸ್ಟಲ್ಲೂ ಇರ್ಲಿಲ್ಲ.

ಅವತ್ತು ಆ ಹೆಸರನ್ನ ಹುಡುಕ್ತಾ ಹೋದ್ರೆ, ಅದು ರಿಜಿಸ್ಟರ್ ಆಗಿದ್ದು 2009ರಲ್ಲಿ ವೆಬ್‌ಸೈಟ್ ಮಾಡಿಕೊಟ್ಟ ಹಾಸನದ ಡಿಸೈನರ್ ಹೆಸರಲ್ಲಿ. ರಿನ್ಯೂವಲ್ ನೆನಪಿನ ಮೇಲ್‌ಗಳು ಹೋಗ್ತಿದ್ದಿದ್ದು ರಿಟೈರ್ ಆದ ನಮ್ಮ ಹಳೇ ಮ್ಯಾನೇಜರ್ ಇನ್‌ಬಾಕ್ಸಿಗೆ. ಡಿಸೈನರ್ ನಂಬರ್ ಸಿಗೋಷ್ಟೊತ್ತಿಗೆ ಹನ್ನೊಂದಾಗಿತ್ತು, ಅವರು ಬೇಲೂರಲ್ಲಿ ಮದುವೆ ಮನೇಲಿದ್ರು, ಪಾಪ ಕಲ್ಯಾಣ ಮಂಟಪದ ಹೊರಗೆ ನಿಂತ್ಕೊಂಡು ಅಲ್ಲಿಂದಲೇ ಲಾಗಿನ್ ಆಗಿ ತಮ್ಮ ಕಾರ್ಡಿಂದ ದುಡ್ಡು ಕಟ್ಟಿ ರಿನ್ಯೂ ಮಾಡಿಕೊಟ್ರು. ಸಂಜೆ ಹೊತ್ತಿಗೆ ಮೇಲ್ ಬರೋಕೆ ಶುರುವಾಯ್ತು. ಡಾಟ್ ಕಾಮ್ ಹೆಸರು ಅವಧಿ ಮುಗಿದ ದಿನವೇ ಕೈ ಬಿಟ್ಟು ಹೋಗಲ್ಲ, ಹೆಸರು ನೋಂದಾಯಿಸಿಕೊಡೋ ಕಂಪನಿ, ಅಂದ್ರೆ ರಿಜಿಸ್ಟ್ರಾರ್ ಯಾರು ಅನ್ನೋದರ ಮೇಲೆ ನಿಂತಿರುತ್ತೆ, ಹೆಚ್ಚಂದ್ರೆ 45 ದಿನ ಮಾಮೂಲಿ ರೇಟಲ್ಲಿ ರಿನ್ಯೂ ಮಾಡ್ಕೋಬಹುದು, ಆಮೇಲೆ 30 ದಿನ ರಿಡೆಂಪ್ಶನ್ ಅಂತ, ಅಲ್ಲಿ ದಂಡ ಕಟ್ಟಿ ಬಿಡಿಸ್ಕೋಬೇಕು, ಅದಾದ್ಮೇಲೆ 5 ದಿನ ಯಾರೂ ಮುಟ್ಟೋಕಾಗಲ್ಲ, ಆರನೇ ದಿನ ಜಗತ್ತಿನಲ್ಲಿ ಯಾರು ಬೇಕಾದ್ರೂ ತಗೋಬಹುದು. ನಾವು ಮೊದಲನೇ ಹಂತದಲ್ಲೇ ಇದ್ವಿ, ಬಚಾವಾದ್ವಿ.

ಸೋಮವಾರ ನಮ್ಮ ಸಾವ್ಕಾರ್ರು ಕರೆಸಿದ್ರು. ಎಸ್ಟೇಟಲ್ಲಿ ಎಲ್ರೂ ಅವರನ್ನ ಹಂಗೇ ಕರೆಯೋದು, ಆಫೀಸಲ್ಲೂ ಹಂಗೇ. ಏನಾಯ್ತು ಅಂತ ಟೆಕ್ನಿಕಲ್ ಆಗಿ ಹೇಳೋಕೆ ಹೋದೆ, ಅರ್ಧಕ್ಕೆ ನಿಲ್ಸಿದ್ರು. "ಅದೆಲ್ಲಾ ಬಿಡು, ಈಗ ಆ ಹೆಸರು ಯಾರ್ದು?"

"ಸಾರ್, ಜಾಗ ನಮ್ದು, ಮನೆ ನಾವೇ ಕಟ್ಟಿದೀವಿ, ಪಹಣಿ ಮಾತ್ರ ಬೇರೆಯವ್ರ ಹೆಸರಲ್ಲಿದೆ."

ಒಂದು ನಿಮಿಷ ಮಾತೇ ಆಡ್ಲಿಲ್ಲ. ಅವರು ಒತ್ತುವರಿ ಕೇಸಲ್ಲಿ ಕೋರ್ಟಿಗೆ ಇಪ್ಪತ್ತು ವರ್ಷ ಅಲೆದವರು. "ಹಂಗಾದ್ರೆ ಎಲ್ಲಾದೂ ಸರ್ವೆ ಮಾಡ್ಸು, ಒಂದೂ ಬಿಡ್ಬೇಡ, ಎಲ್ಲದರ ಖಾತೆನೂ ಕಂಪನಿ ಹೆಸರಿಗೆ ಆಗ್ಬೇಕು" ಅಂದ್ರು. ಈ ಕೆಲಸಕ್ಕೆ ನನಗೆ ಸಿಕ್ಕಿದ ಆರ್ಡರ್ ಅಷ್ಟೇ. ನಿಜ ಹೇಳ್ಬೇಕಂದ್ರೆ ಅದಕ್ಕಿಂತ ಚೆನ್ನಾಗಿ ಯಾವ ಕನ್ಸಲ್ಟೆಂಟೂ ಬರೆದುಕೊಡ್ತಿರ್ಲಿಲ್ಲ.

ಸರ್ವೆ ಶುರುವಾಯ್ತು. ನಾನು ಅಂದ್ಕೊಂಡಿದ್ದು ಹದಿನೈದು ಇಪ್ಪತ್ತು ಹೆಸರು ಸಿಗಬಹುದು ಅಂತ. ಮೊದಲು ಎಲ್ಲಾ ಮ್ಯಾನೇಜರ್‌ಗಳಿಗೂ ಮೇಲ್ ಹಾಕಿದೆ, ಬಂದಿದ್ದು ಒಂಬತ್ತು ಹೆಸರು. ಆಮೇಲೆ ಅಕೌಂಟ್ಸ್ ಮೇಡಂ ಹತ್ರ ಕೂತು ಹಳೇ ವೋಚರ್, ಕಾರ್ಡ್ ಸ್ಟೇಟ್‌ಮೆಂಟ್ ತೆಗೆಸಿದೆ, ಸಣ್ಣ ಸಣ್ಣ ಮೊತ್ತಗಳು, "ವೆಬ್‌ಸೈಟ್ ಖರ್ಚು" ಅಂತ ಬರೆದಿರೋದು, "ಇತರೆ" ಅಂತ ಬರೆದಿರೋದು, ಅದ್ರಲ್ಲೇ ಇಪ್ಪತ್ತು ಚಿಲ್ಲರೆ ಸಿಕ್ತು. ಆಮೇಲೆ ಸರ್ಟಿಫಿಕೇಟ್ ಟ್ರಾನ್ಸ್‌ಪರೆನ್ಸಿ ಲಾಗ್. ಯಾವುದೇ ವೆಬ್‌ಸೈಟಿಗೆ ಬೀಗದ ಗುರುತು ಬರೋ ಸರ್ಟಿಫಿಕೇಟ್ ಕೊಟ್ಟರೆ ಅದು ಸಾರ್ವಜನಿಕ ಲಾಗಲ್ಲಿ ದಾಖಲಾಗುತ್ತೆ, 2018ರಿಂದ ಕ್ರೋಮ್ ಇದನ್ನ ಕಡ್ಡಾಯ ಮಾಡಿದೆ, ನಮ್ಮ ಹೆಸರು ಹಾಕಿ ಹುಡುಕಿದ್ರೆ ನಮಗೇ ಗೊತ್ತಿಲ್ಲದ ಸಬ್‌ಡೊಮೇನ್‌ಗಳು, ಅಂದ್ರೆ ಮುಖ್ಯ ಹೆಸರಿನ ಮುಂದೆ ಇನ್ನೊಂದು ಪದ ಸೇರಿಸಿ ಮಾಡಿದ ವಿಳಾಸಗಳು, ಸಾಲಾಗಿ ಬಂದ್ವು. ಉಳಿದಿದ್ದು ಕಣ್ಣಲ್ಲಿ ನೋಡಿ ಹುಡುಕಿದ್ದು: ವಿಸಿಟಿಂಗ್ ಕಾರ್ಡ್, ಐಜಿ ರೋಡಿನ ಹೋರ್ಡಿಂಗ್, ಶಾಲೆ ಬಸ್ಸಿನ ಹಿಂಭಾಗ, ಕಾಫಿಪುಡಿ ಪ್ಯಾಕೆಟ್ಟು, ರೆಸಾರ್ಟಿನ ಸೋಪಿನ ಕವರ್ರು. ಒಟ್ಟು 71 ಹೆಸರು. ಹದಿನಾಲ್ಕು ಬೇರೆ ಬೇರೆ ಅಕೌಂಟಲ್ಲಿ, ಆರು ರಿಜಿಸ್ಟ್ರಾರ್ ಹತ್ರ.

ಇಷ್ಟೊಂದು ಯಾಕಾಯ್ತು ಅನ್ನೋದಕ್ಕೆ ನಮ್ಮೂರಿನ ಹೆಸರೇ ಒಂದು ಕಾರಣ. 2014ರ ನವೆಂಬರ್ 1ಕ್ಕೆ ಸರ್ಕಾರ ಹನ್ನೆರಡು ಊರಿನ ಇಂಗ್ಲಿಷ್ ಸ್ಪೆಲ್ಲಿಂಗ್ ಬದಲಾಯಿಸ್ತಲ್ಲ, ಅದರಲ್ಲಿ ನಮ್ಮೂರೂ ಇತ್ತು. ಮೊದಲು ಒಂದೇ 'ಕೆ' ಇಟ್ಟು ಮಧ್ಯದಲ್ಲೊಂದು ಸ್ವರ ನುಂಗಿ ಕೊನೆಗೆ 'ಆರ್'ಗೆ ನಿಲ್ಲಿಸ್ತಿದ್ರು, ಆಮೇಲೆ ನಾವು ಬಾಯಲ್ಲಿ ಹೇಳೋ ಹಂಗೇ ಪೂರ್ತಿ ಬರೆಯೋದಾಯ್ತು. ರೆಸಾರ್ಟಿನವ್ರು ಹೊಸ ಸ್ಪೆಲ್ಲಿಂಗಲ್ಲಿ ಹೆಸರು ತಗೊಂಡ್ರು, ಎಕ್ಸ್‌ಪೋರ್ಟಿನವ್ರು ಹಳೇದನ್ನೇ ಇಟ್ಕೊಂಡ್ರು, ಅವರದ್ದೂ ಸರಿಯೇ, 2019ರಲ್ಲಿ ಕಾಫಿಗೆ ಜಿಐ ಟ್ಯಾಗ್ ಬಂದಾಗಲೂ ಹಳೇ ಸ್ಪೆಲ್ಲಿಂಗಲ್ಲೇ ಬಂತು, ಹೊರದೇಶದವ್ರಿಗೆ ಗೊತ್ತಿರೋದು ಅದೇ. ಹಂಗಾಗಿ ಪ್ರತಿಯೊಂದಕ್ಕೂ ಎರಡೆರಡು ಸ್ಪೆಲ್ಲಿಂಗು, ಡಾಟ್ ಕಾಮ್ ಒಂದು ಡಾಟ್ ಇನ್ ಒಂದು, ಲೆಕ್ಕ ಹಾಕಿ ನೋಡಿ.

ಆ 71ರಲ್ಲಿ ಒಂದು ಹೆಸರು ನಮ್ಮ ಕೈಯಲ್ಲೇ ಇರ್ಲಿಲ್ಲ. ಇದನ್ನ ಸ್ವಲ್ಪ ವಿವರವಾಗಿ ಹೇಳ್ಬೇಕು.

ಕಾಫಿಪುಡಿ ಪ್ಯಾಕೆಟ್ ಹಿಂದೆ ಒಂದು ಕ್ಯೂಆರ್ ಕೋಡ್ ಇತ್ತು, ಸ್ಕ್ಯಾನ್ ಮಾಡಿದ್ರೆ ಕಾಫಿ ಯಾವ ತೋಟದಿಂದ ಬಂತು ಅಂತ ಕಥೆ ಬರುತ್ತೆ, ಒಳ್ಳೆ ಐಡಿಯಾನೇ. ಅದಕ್ಕೆ ಅಂತ ಮಾರ್ಕೆಟಿಂಗಿನವ್ರು ಏಜೆನ್ಸಿ ಒಂದರ ಮೂಲಕ ಬೇರೆಯದೇ ಡಾಟ್ ಇನ್ ಹೆಸರು ತಗೊಂಡಿದ್ರು. ಏಜೆನ್ಸಿ ಜೊತೆ ಒಪ್ಪಂದ ಮುಗೀತು, ಹೆಸರು ರಿನ್ಯೂ ಆಗ್ಲಿಲ್ಲ, ಆದ್ರೆ ಪ್ಯಾಕೆಟ್ಟಿನ ಕವರ್ರು ಸಾವಿರಗಟ್ಟಲೆ ಮುಂಚೆನೇ ಪ್ರಿಂಟ್ ಆಗಿ ಗೋಡೌನಲ್ಲಿ ಇತ್ತು. ಮಾರ್ಚಲ್ಲಿ ಹಾಸನದಿಂದ ಒಬ್ಬ ತಾಯಿ ಶೋರೂಮಿಗೆ ಫೋನ್ ಮಾಡಿ ಬೈದಿದಾರೆ, ಶೋರೂಮಿಗೆ ಯಾಕೆ ಅಂದ್ರೆ ಅವರಿಗೆ ಸಿಕ್ಕ ನಂಬರ್ ಅದೊಂದೇ. "ನನ್ನ ಮಗ ಹತ್ತನೇ ಕ್ಲಾಸು, ನಿಮ್ ಕಾಫಿ ಪ್ಯಾಕೆಟ್ ಸ್ಕ್ಯಾನ್ ಮಾಡಿದ್ರೆ ಜೂಜಾಟದ ಸೈಟ್ ಓಪನ್ ಆಗ್ತಿದೆ, ನಾಚಿಕೆ ಆಗಲ್ವಾ ನಿಮಗೆ?" ಶೋರೂಮ್ ಹುಡುಗ ಭಯ ಬಿದ್ದು ನಂಗೆ ಕನೆಕ್ಟ್ ಮಾಡಿದ. ನಾನೂ ಪ್ಯಾಕೆಟ್ ತಗೊಂಡು ಸ್ಕ್ಯಾನ್ ಮಾಡಿದೆ. ಹೌದು. ಬಣ್ಣ ಬಣ್ಣದ ಬೆಟ್ಟಿಂಗ್ ಪೇಜು. ಅವಧಿ ಮುಗಿದ ಹೆಸರುಗಳಿಗೇ ಕಾದು ಕೂತು ಹಿಡಿಯೋರು ಇರ್ತಾರೆ, ಹಳೇ ಲಿಂಕುಗಳಿಂದ ಜನ ಬರ್ತಾ ಇರ್ತಾರಲ್ಲ, ಅದೇ ಅವರಿಗೆ ಬಂಡವಾಳ. ನಮ್ಮ ಬ್ರಾಂಡು ಮೂವತ್ತು ವರ್ಷದಿಂದ ಜನರ ಅಡುಗೆಮನೇಲಿರೋದು, ಆ ತಾಯಿಗೆ ಕ್ಷಮೆ ಕೇಳುವಾಗ ನನ್ನ ಗಂಟಲು ಕಟ್ಟಿತ್ತು.

ಅವತ್ತೇ ಮಧ್ಯಾಹ್ನ ಪ್ಯಾಕಿಂಗ್ ನಿಲ್ಲಿಸಿದ್ವಿ. ಗೋಡೌನಲ್ಲಿದ್ದ ಕವರ್‌ಗಳಿಗೆ ಬಿಳಿ ಸ್ಟಿಕ್ಕರ್ ಅಂಟಿಸೋಕೆ ಪ್ಯಾಕಿಂಗ್ ಶೆಡ್ಡಿನ ಹೆಣ್ಮಕ್ಕಳು ಮೂರು ದಿನ ಕೂತರು, ಒಬ್ಬರು ಕೇಳಿದ್ರು, "ಇದೇನ್ ಸಾರ್, ಚೆನ್ನಾಗಿರೋ ಚಿತ್ರ ಮುಚ್ಚುಸ್ತಿದೀರಿ?" ಅಂತ, ಹೇಳಿದೆ, ಹೇಳಿದ್ಮೇಲೆ ಅವರು ಸ್ಟಿಕ್ಕರ್ ಮೂಲೆ ಸರಿಯಾಗಿ ಅಂಟಿದ್ಯಾ ಅಂತ ಎರಡೆರಡು ಸಲ ನೋಡಿ ಅಂಟಿಸಿದ್ರು. ಅಂಗಡಿಗಳಿಂದ ವಾಪಸ್ ತರಿಸೋಕೆ ಸೇಲ್ಸ್ ಹುಡುಗರು ಕಡೂರು, ತರೀಕೆರೆ, ಅರಸೀಕೆರೆ ಎಲ್ಲಾ ಸುತ್ತಿದ್ರು.

ಹೆಸರು ವಾಪಸ್ ತಗೊಳ್ಳೋಕೆ ಡಾಟ್ ಇನ್‌ಗೆ ಬೇರೆಯೇ ದಾರಿ ಇದೆ. ಡಾಟ್ ಇನ್ ನೋಡ್ಕೊಳ್ಳೋದು ನಿಕ್ಸಿ ಅನ್ನೋ ಸಂಸ್ಥೆ, ಅವರ ವಿವಾದ ಪರಿಹಾರದ ಪಾಲಿಸಿ ಐಎನ್‌ಡಿಆರ್‌ಪಿ. ಕೋರ್ಟಲ್ಲ, ಆರ್ಬಿಟ್ರೇಟರ್ ಒಬ್ಬರು ನೋಡ್ತಾರೆ. ನಾವು ತೋರಿಸ್ಬೇಕಾಗಿದ್ದು ಮೂರು: ಆ ಹೆಸರು ನಮ್ಮ ಟ್ರೇಡ್‌ಮಾರ್ಕಿಗೆ ಹೋಲುತ್ತೆ, ಈಗ ಇಟ್ಕೊಂಡಿರೋರಿಗೆ ಅದರ ಮೇಲೆ ನ್ಯಾಯವಾದ ಹಕ್ಕಿಲ್ಲ, ಕೆಟ್ಟ ಉದ್ದೇಶಕ್ಕೆ ತಗೊಂಡಿದಾರೆ ಇಲ್ಲಾ ಬಳಸ್ತಿದಾರೆ. ನಮ್ಮ ಪುಣ್ಯಕ್ಕೆ ಹಿಂದಿನ ಸಾವ್ಕಾರ್ರು ಬ್ರಾಂಡ್ ಹೆಸರನ್ನ ಟ್ರೇಡ್‌ಮಾರ್ಕ್ ರಿಜಿಸ್ಟರ್ ಮಾಡಿಸಿ ತಪ್ಪದೇ ರಿನ್ಯೂ ಮಾಡಿಸ್ಕೊಂಡು ಬಂದಿದ್ರು. ಲಾಯರ್ ಫೀಸು, ಕೇಸಿನ ಫೀಸು, ದಾಖಲೆ ಜೋಡಿಸೋದು, ಕಾಯೋದು, ಎಲ್ಲಾ ಆಗಿ ಕೆಲವು ತಿಂಗಳಿಗೆ ಹೆಸರು ನಮ್ಮ ಕೈಗೆ ವಾಪಸ್ ಬಂತು. ವರ್ಷಕ್ಕೆ ಸಾವಿರ ರೂಪಾಯಿ ಒಳಗೆ ಮುಗೀತಿದ್ದ ರಿನ್ಯೂವಲ್ಲು.

ಇದಾದ್ಮೇಲೆ ಒಂದು ವಿಷಯದಲ್ಲಿ ನಾನು ಬಹಳ ಗಟ್ಟಿ. ಬೇಡದ ಹೆಸರು ಅಂತ ಸುಮ್ಮನೆ ಬಿಡೋಕಾಗಲ್ಲ. ಯಾವ ಹೆಸರಲ್ಲಿ ಒಂದು ಸಲ ಮೇಲ್ ಐಡಿ ಇತ್ತೋ, ಯಾವುದು ಪೇಪರ್ ಮೇಲೆ ಪ್ರಿಂಟ್ ಆಗಿತ್ತೋ, ಅದನ್ನ ಬೇರೆಯವ್ರು ತಗೊಂಡ್ರೆ ಹಳೇ ಐಡಿಗೆ ಬರೋ ಮೇಲ್ ಎಲ್ಲಾ ಅವರಿಗೆ ಹೋಗುತ್ತೆ, ಆ ಐಡಿ ಕೊಟ್ಟು ತೆರೆದ ಅಕೌಂಟುಗಳ ಪಾಸ್‌ವರ್ಡ್ ರೀಸೆಟ್ ಲಿಂಕೂ ಅವರಿಗೇ. ಖರ್ಚು ಉಳಿಸೋಣ ಅಂತ 30 ಹೆಸರು ಬಿಡೋ ಪ್ಲಾನ್ ಇತ್ತು, ಕೊನೆಗೆ ಬಿಟ್ಟಿದ್ದು ಎಂಟೇ ಎಂಟು, ಯಾವತ್ತೂ ಬಳಸದೇ ಇದ್ದವು.

ಎಲ್ಲವನ್ನೂ ಒಂದೇ ರಿಜಿಸ್ಟ್ರಾರ್ ಹತ್ರ, ಕಂಪನಿ ಹೆಸರಿನ ಒಂದೇ ಅಕೌಂಟಿಗೆ ತರೋದು ಮುಂದಿನ ಕೆಲಸ. ಪೇಪರ್ ಮೇಲೆ ಸುಲಭ: ಲಾಕ್ ತೆಗಿ, ಆಥ್ ಕೋಡ್ ಅನ್ನೋ ವರ್ಗಾವಣೆ ಪಾಸ್‌ವರ್ಡ್ ತಗೋ, ಹೊಸ ಕಡೆ ಹಾಕು, ಡಾಟ್ ಕಾಮ್ ಆದ್ರೆ ಐದು ದಿನದಲ್ಲಿ ಆಗುತ್ತೆ. ನಾನು ಮೊದಲ ಬ್ಯಾಚಲ್ಲೇ ಒಂದು ತಪ್ಪು ಮಾಡಿದೆ. ಹಳೇ ಅಕೌಂಟಲ್ಲಿ ಇರುವಾಗಲೇ ಮಾಲೀಕರ ಹೆಸರನ್ನ ಕಂಪನಿ ಹೆಸರಿಗೆ ಬದಲಾಯಿಸಿದೆ, ಆಮೇಲೆ ಟ್ರಾನ್ಸ್‌ಫರ್ ಮಾಡೋಣ ಅಂತ. ಮಾಲೀಕರ ವಿವರ ಬದಲಾದ್ರೆ 60 ದಿನ ಲಾಕ್ ಬೀಳುತ್ತೆ, ಬೇಡ ಅಂತ ಮೊದಲೇ ಆಯ್ಕೆ ಮಾಡದಿದ್ರೆ. ಆರು ಹೆಸರು ಎರಡು ತಿಂಗಳು ಅಲ್ಲೇ ಕೂತ್ವು. ಯಾರಾದ್ರೂ ಇದನ್ನ ಮಾಡ್ತಿದ್ರೆ ಮೊದಲು ಟ್ರಾನ್ಸ್‌ಫರ್, ಆಮೇಲೆ ಹೆಸರು ಬದಲಾವಣೆ. ಇನ್ನೊಂದು, ಟ್ರಾನ್ಸ್‌ಫರ್‌ಗೆ ಮುಂಚೆ ಡಿಎನ್‌ಎಸ್‌ನಲ್ಲಿ, ಅಂದ್ರೆ ಆ ಹೆಸರಿನ ವೆಬ್‌ಸೈಟು, ಮೇಲು ಯಾವ ಸರ್ವರಿಗೆ ಹೋಗ್ಬೇಕು ಅಂತ ಹೇಳೋ ಪಟ್ಟಿಯಲ್ಲಿ, ಇರೋ ಒಂದೊಂದು ರೆಕಾರ್ಡೂ ನಕಲು ಮಾಡಿಟ್ಕೊಳ್ಳಿ, ಡಿಎನ್‌ಎಸ್ ಹಳೇ ರಿಜಿಸ್ಟ್ರಾರ್ ಹತ್ರನೇ ಇದ್ದು ಹೆಸರು ಮಾತ್ರ ಈ ಕಡೆ ಬಂದ್ರೆ ಒಂದು ದಿನ ಸದ್ದಿಲ್ಲದೇ ನಿಂತುಹೋಗುತ್ತೆ.

ಹಾಸನದ ಡಿಸೈನರ್ ಹತ್ರ ನಮ್ಮ ಒಂಬತ್ತು ಹೆಸರು ಇತ್ತು. ಆಫೀಸಲ್ಲಿ ಕೆಲವ್ರು ಲೀಗಲ್ ನೋಟಿಸ್ ಕೊಡೋಣ ಅಂದ್ರು. ನಂಗೆ ಸರಿ ಅನ್ನಿಸ್ಲಿಲ್ಲ, ಮದುವೆ ಮನೆಯಿಂದ ನಮ್ಮನ್ನ ಉಳಿಸಿದವರು ಅವರು. ಒಂದು ಭಾನುವಾರ ಬಿಎಂ ರೋಡಿನ ಅವರ ಅಂಗಡಿಗೆ ಹೋದೆ. ಒಂದು ಹಳೇ ನೋಟ್‌ಬುಕ್ ತೆಗೆದು ಮುಂದೆ ಇಟ್ರು. ಹದಿನೈದು ವರ್ಷದ ರಿನ್ಯೂವಲ್, ದಿನಾಂಕ, ಮೊತ್ತ, ಯಾರಿಗೆ ಬಿಲ್ ಕಳಿಸಿದ್ದು, ಬಂತೋ ಇಲ್ವೋ. ಬಹಳಷ್ಟು ಕಡೆ "ಬಂದಿಲ್ಲ".

"ಅಣ್ಣ, ದುಡ್ಡು ಬರ್ದಿದ್ರೂ ಯಾಕೆ ಕಟ್ತಾ ಇದ್ರಿ?"

"ಏನ್ ಮಾಡ್ಲಿ, ಬಿಟ್ರೆ ನಿಮ್ ಮೇಲ್ ಎಲ್ಲಾ ನಿಂತೋಗುತ್ತೆ. ಕೇಳಿದ್ರೆ ಒಬ್ರು ಇನ್ನೊಬ್ರ ಮೇಲೆ ಹಾಕ್ತಿದ್ರು. ಈ ಸಲ ಹೊಸ ಮ್ಯಾನೇಜರ್ರು ನಾವೇ ಕಟ್ಕೋತೀವಿ ಅಂದಿದ್ರು, ಅದಕ್ಕೆ ನಾನು ಕಟ್ಲಿಲ್ಲ."

ಅವರ ಬಾಕಿ ಪೂರ್ತಿ ಕೊಟ್ವಿ, ಜೊತೆಗೆ ಸಾವ್ಕಾರ್ರು ಒಂದು ಮೂಟೆ ಕಾಫಿಬೀಜ ಕಳಿಸಿದ್ರು. ಒಂಬತ್ತು ಕೋಡೂ ಅಲ್ಲೇ ಕೂತು ಬರೆದುಕೊಟ್ರು. ನೋಟಿಸ್ ಕೊಟ್ಟಿದ್ರೆ ಎಷ್ಟು ತಿಂಗಳಾಗ್ತಿತ್ತೋ.

ಎಸ್ಟೇಟ್ ಕಡೆದ್ದು ಬೇರೆ ಕಥೆ. ಓಟಿಪಿ ಹೋಗೋದು ಎಸ್ಟೇಟ್ ರೈಟರ್ ಮೊಬೈಲಿಗೆ, ಅಲ್ಲಿ ಸಿಗ್ನಲ್ ಇಲ್ಲ. ನಾನು ಚಿಕ್ಕಮಗಳೂರಲ್ಲಿ ಕಂಪ್ಯೂಟರ್ ಮುಂದೆ, ಅವರು ಪಲ್ಪರ್ ಮನೆ ಹಿಂದಿನ ದಿಬ್ಬ ಹತ್ತಿ ನಿಂತು, ಓಟಿಪಿ ಬರೋಷ್ಟೊತ್ತಿಗೆ ಅದರ ಟೈಮ್ ಮುಗಿದಿರುತ್ತೆ. ಮೂರನೇ ಸಲ "ಮಾರಾಯ್ರೆ, ನೀವೇ ಬನ್ನಿ" ಅಂದ್ರು. ಹೋದೆ, ಆಯ್ತು.

ಎಲ್ಲಕ್ಕಿಂತ ಕಷ್ಟ ಆಗಿದ್ದು ಒಂದು ರೆಸಾರ್ಟಿನ ಹೆಸರು. ಅದನ್ನ ತಗೊಂಡಿದ್ದ ಮ್ಯಾನೇಜರ್ 2021ರಲ್ಲಿ ಕೋವಿಡ್‌ನಲ್ಲಿ ತೀರಿಕೊಂಡಿದ್ರು. ಅಕೌಂಟ್ ಅವರ ಸ್ವಂತ ಮೇಲಲ್ಲಿ, ಮೊಬೈಲ್ ನಂಬರೂ ಅವರದ್ದೇ. ರಿಜಿಸ್ಟ್ರಾರ್ ಕೇಳೋ ದಾಖಲೆಗಳ ಪಟ್ಟಿ ನೋಡಿ ತಿಂಗಳುಗಟ್ಟಲೆ ಹಿಡಿಯುತ್ತೆ ಅಂದ್ಕೊಂಡೆ. ಆ ನಂಬರಿಗೆ ಒಂದು ಸಲ ಫೋನ್ ಮಾಡಿದ್ರೆ ರಿಂಗ್ ಆಯ್ತು. ಎತ್ತಿದ್ದು ಅವರ ಹೆಂಡತಿ. ಮೂಡಿಗೆರೆ ಹತ್ರ ಅವರ ಮನೆಗೆ ಹೋದೆ, ಸಾವ್ಕಾರ್ರ ಪತ್ರ ತಗೊಂಡು. ಗಂಡನ ಸಿಮ್ಮನ್ನ ಅವರು ಮೂರು ವರ್ಷದಿಂದ ರೀಚಾರ್ಜ್ ಮಾಡಿಸ್ತಾ ಇದ್ರು, ಕೀಪ್ಯಾಡ್ ಫೋನಿಗೆ ಹಾಕಿ ದೇವರ ಕೋಣೆ ಪಕ್ಕದ ಗೂಡಲ್ಲಿ ಇಟ್ಟಿದ್ರು. ನಾನು ಹಜಾರದಲ್ಲಿ ಲ್ಯಾಪ್‌ಟಾಪ್ ಇಟ್ಕೊಂಡು ಕೂತೆ, ಅವರು ಕನ್ನಡಕ ಹಾಕ್ಕೊಂಡು ಬಂದ ಆರು ನಂಬರನ್ನ ಒಂದೊಂದಾಗಿ ಓದಿದ್ರು. ಎರಡು ಸಲ ಬಂತು, ಎರಡು ಸಲವೂ ಓದಿದ್ರು. "ಅವರು ಹೋಗೋವರೆಗೂ ರೆಸಾರ್ಟು ರೆಸಾರ್ಟು ಅಂತಿದ್ರು, ಇದೂ ಅದಕ್ಕೇನಾ?" ಅಂದ್ರು. "ಹೌದಮ್ಮ, ಅದರ ಹೆಸರು ಇಷ್ಟು ದಿನ ಅವರ ಹತ್ರನೇ ಇತ್ತು" ಅಂದೆ. ಊಟ ಮಾಡದೇ ಕಳಿಸ್ಲಿಲ್ಲ.

ಮೇಲ್ ವಿಷಯಕ್ಕೆ ಬರ್ತೀನಿ, ಯಾಕಂದ್ರೆ ನಂಬಿಕೆ ಅನ್ನೋದು ಜಾಸ್ತಿ ಒಡೆಯೋದು ಅಲ್ಲೇ. 2024ರ ಫೆಬ್ರವರಿಯಿಂದ ಗೂಗಲ್ ಮತ್ತು ಯಾಹೂ ದೊಡ್ಡ ಸಂಖ್ಯೆಯಲ್ಲಿ ಮೇಲ್ ಕಳಿಸೋರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಮೂರೂ ಇರಲೇಬೇಕು ಅಂದ್ವು. ಎಸ್‌ಪಿಎಫ್ ಅಂದ್ರೆ ನಮ್ಮ ಹೆಸರಲ್ಲಿ ಮೇಲ್ ಕಳಿಸೋಕೆ ಯಾವ ಸರ್ವರ್‌ಗಳಿಗೆ ಅಧಿಕಾರ ಇದೆ ಅನ್ನೋ ಪಟ್ಟಿ, ಡಿಕಿಮ್ ಅಂದ್ರೆ ಪ್ರತಿ ಮೇಲ್ ಮೇಲೆ ಹಾಕೋ ಡಿಜಿಟಲ್ ಮೊಹರು, ಡಿಮಾರ್ಕ್ ಅಂದ್ರೆ ಇವೆರಡೂ ಹೊಂದದಿದ್ರೆ ಆ ಮೇಲನ್ನ ಏನು ಮಾಡ್ಬೇಕು ಅಂತ ನಾವು ಜಗತ್ತಿಗೆ ಹೇಳೋ ಮಾತು. ಮೊದಲು ಏನೂ ಮಾಡ್ಬೇಡಿ, ಬರೀ ವರದಿ ಕಳಿಸಿ ಅನ್ನೋ ಹಂತದಲ್ಲಿಟ್ವಿ. ವರದಿ ಬರೋಕೆ ಶುರುವಾದ್ಮೇಲೆ ಗೊತ್ತಾಯ್ತು, ನಮ್ಮ ಹೆಸರಲ್ಲಿ ಯಾರ್ಯಾರು ಮೇಲ್ ಕಳಿಸ್ತಿದಾರೆ ಅಂತ: ಸಂಬಳದ ಸಾಫ್ಟ್‌ವೇರು, ರೂಮ್ ಬುಕಿಂಗ್ ಕಂಪನಿ, ಶಾಲೆ ಫೀಸ್ ರಸೀದಿ ಸಿಸ್ಟಮ್ಮು, ತೂಕದ ಬ್ರಿಡ್ಜಿನ ಕಂಪ್ಯೂಟರ್ರು, ಸಿಸಿಟಿವಿ ಬಾಕ್ಸೂ ಕೂಡ. ಇದರ ಜೊತೆ ಯಾವ್ಯಾವುದೋ ದೇಶದಿಂದ ನಮ್ಮ ಹೆಸರಲ್ಲೇ ಹೋಗ್ತಿದ್ದ ಸುಳ್ಳು ಮೇಲ್‌ಗಳು. ಎಸ್‌ಪಿಎಫ್ ಪಟ್ಟಿಯಲ್ಲಿ ಡಿಎನ್‌ಎಸ್ ಹುಡುಕಾಟ 10ಕ್ಕಿಂತ ಜಾಸ್ತಿ ಆಗೋ ಹಂಗಿಲ್ಲ, ಮೀರಿದ್ರೆ ಇಡೀ ಪಟ್ಟಿನೇ ಅಮಾನ್ಯ, ನಮ್ಮದು 14 ಇತ್ತು. ಅಂದ್ರೆ ವರ್ಷಗಳಿಂದ ಇದೆ ಅಂದ್ಕೊಂಡಿದ್ದ ಬೇಲಿ ಇರಲೇ ಇಲ್ಲ.

ಒಂದೊಂದೇ ಸರಿ ಮಾಡಿ ಬಿಗಿ ಮಾಡ್ತಾ ಬಂದ್ವಿ. ಶಾಲೆದ್ದನ್ನ ನಾನು ಅವಸರದಲ್ಲಿ ಬಿಗಿ ಮಾಡಿದೆ, ಜೂನ್‌ನಲ್ಲಿ, ಅಡ್ಮಿಷನ್ ಟೈಮು, ಫೀಸ್ ರಸೀದಿ ಎಲ್ಲಾ ಪೇರೆಂಟ್ಸ್ ಸ್ಪ್ಯಾಮಿಗೆ ಹೋದ್ವು, ಆಫೀಸಿನ ಮುಂದೆ ಸಾಲು ನಿಂತ್ರು. ಎರಡು ದಿನ ಸಡಿಲ ಮಾಡಿ, ರಸೀದಿ ಕಳಿಸೋ ಕಂಪನಿ ಹತ್ರ ಡಿಕಿಮ್ ಹಾಕಿಸಿ, ಮತ್ತೆ ಬಿಗಿ ಮಾಡಿದೆ. ಮೇಲ್ ಕಳಿಸೋಕೇ ಬಳಸದ ನಲವತ್ತು ಚಿಲ್ಲರೆ ಹೆಸರುಗಳಿಗೆ ಮಾತ್ರ ಯೋಚನೆ ಮಾಡೋ ಅಗತ್ಯ ಇರ್ಲಿಲ್ಲ, ಮೊದಲನೇ ದಿನವೇ ಎಲ್ಲಾ ತಿರಸ್ಕರಿಸಿ ಅಂತ ಹಾಕಿಬಿಟ್ವಿ. ಪೂರ್ತಿ ಎಲ್ಲಾ ಹೆಸರೂ ರಿಜೆಕ್ಟ್ ಹಂತಕ್ಕೆ ಬರೋಕೆ ಹದಿಮೂರು ತಿಂಗಳು.

ಆದ್ರೂ ಇದ್ರಿಂದ ತಡೆಯೋಕಾಗದ್ದು ಒಂದಿದೆ. ಒಂದು ದಿನ ಅದೇ ಇಟಲಿ ಬಯರ್ ಫೋನ್ ಮಾಡಿ, "ಬ್ಯಾಂಕ್ ಅಕೌಂಟ್ ಬದಲಾಯಿಸಿದೀರಾ?" ಅಂತ ಕೇಳಿದ್ರು. ಮೇಲ್ ಬಂದಿದ್ದು ನಮ್ಮ ಹೆಸರಿಂದಲ್ಲ, ನಮ್ಮದರ ಹಾಗೇ ಕಾಣೋ ಹೆಸರಿಂದ, ಇಂಗ್ಲಿಷಿನ 'ಎಂ' ಇದ್ದ ಕಡೆ 'ಆರ್' ಮತ್ತು 'ಎನ್' ಒತ್ತೊತ್ತಾಗಿ. ಓದುವಾಗ ಗೊತ್ತೇ ಆಗಲ್ಲ. ಇಪ್ಪತ್ತು ವರ್ಷದ ಪರಿಚಯ, ಅದಕ್ಕೇ ಫೋನ್ ಮಾಡಿ ಕೇಳಿದ್ರು, ದುಡ್ಡು ಹೋಗ್ಲಿಲ್ಲ. ಗೊತ್ತಾದ ಆರು ಗಂಟೆ ಒಳಗೆ ಸೈಬರ್ ದಾಳಿ ನೋಡ್ಕೊಳ್ಳೋ ಕೇಂದ್ರ ಸರ್ಕಾರದ ಸಂಸ್ಥೆ ಸರ್ಟ್-ಇನ್‌ಗೆ ತಿಳಿಸ್ಬೇಕು ಅಂತ 2022ರ ಏಪ್ರಿಲ್ 28ರ ಸೂಚನೆ ಇದೆ, ತಿಳಿಸಿದ್ವಿ, ಸೈಬರ್ ವಂಚನೆ ಸಹಾಯವಾಣಿ 1930ಕ್ಕೂ ದೂರು ಕೊಟ್ವಿ, ಆ ಹೆಸರು ಕೊಟ್ಟ ರಿಜಿಸ್ಟ್ರಾರ್‌ಗೆ ಬರೆದ್ವಿ, ಅವರು ನಿಲ್ಲಿಸಿದ್ರು. ಆ ಕಳ್ಳ ಹೆಸರಿಗೂ ಸರ್ಟಿಫಿಕೇಟ್ ತಗೊಂಡಿದ್ರು, ಅದು ಲಾಗಲ್ಲಿ ಹನ್ನೊಂದು ದಿನ ಮುಂಚೆನೇ ಬಿದ್ದಿತ್ತು. ಈಗ ನಮ್ಮ ಹೆಸರನ್ನ ಹೋಲೋ ಯಾವುದೇ ಹೊಸ ಸರ್ಟಿಫಿಕೇಟ್ ಬಂದ್ರೆ ನನಗೆ ಅಲರ್ಟ್ ಬರುತ್ತೆ. ಮತ್ತೆ ಅಕೌಂಟ್ ನಂಬರ್ ಬದಲಾವಣೆ ಯಾವತ್ತೂ ಮೇಲಲ್ಲಿ ಹೇಳಲ್ಲ, ಗೊತ್ತಿರೋ ನಂಬರಿಂದ ಫೋನಲ್ಲೇ ಅಂತ ಎಲ್ಲಾ ಬಯರ್‌ಗಳಿಗೂ ಪತ್ರ ಹೋಗಿದೆ.

ಇಷ್ಟೊಂದು ಯಾಕೆ ಅಂತ ಕೇಳೋ ಮ್ಯಾನೇಜರ್‌ಗಳಿಗೆ 2025ರಲ್ಲಿ ನಂಗೆ ಒಳ್ಳೆ ಉದಾಹರಣೆ ಸಿಕ್ತು. ಆರ್‌ಬಿಐ ಎಲ್ಲಾ ಬ್ಯಾಂಕುಗಳೂ ಅಕ್ಟೋಬರ್ 31ರ ಒಳಗೆ ಡಾಟ್ ಬ್ಯಾಂಕ್ ಡಾಟ್ ಇನ್ ವಿಳಾಸಕ್ಕೆ ಹೋಗ್ಬೇಕು ಅಂತು, ಆ ಹೆಸರುಗಳನ್ನ ಕೊಡೋದು ಆರ್‌ಬಿಐ ಸ್ಥಾಪಿಸಿದ ಐಡಿಆರ್‌ಬಿಟಿ ಸಂಸ್ಥೆ ಒಂದೇ. ಬ್ಯಾಂಕಿನ ವಿಳಾಸ ಬದಲಾಗಿದ್ದು ನೋಡಿ ನಮ್ಮ ಅಕೌಂಟ್ಸ್ ಮೇಡಂ ದುಡ್ಡು ಹಾಕೋದು ನಿಲ್ಸಿ ನಂಗೆ ಫೋನ್ ಮಾಡಿ "ಇದು ಫೇಕಾ ಸಾರ್?" ಅಂದ್ರು. ಎಷ್ಟು ಖುಷಿಯಾಯ್ತು ಅಂದ್ರೆ! ವಿಳಾಸದ ಸಾಲನ್ನ ಓದಿ ಅನುಮಾನ ಪಟ್ಟಿದ್ದು ನಮ್ಮ ಆಫೀಸಲ್ಲಿ ಅದೇ ಮೊದಲು.

ಸರ್ಟಿಫಿಕೇಟ್ ಕೆಲಸ ಟೆಕ್ನಿಕಲ್ ಆಗಿ ದೊಡ್ಡದು, ಹೇಳೋಕೆ ಸಣ್ಣದು. ಮೊದಲು ವರ್ಷಕ್ಕೊಂದು ಸಲ ಕೊಂಡ್ಕೊಂಡು ಕೈಯಲ್ಲೇ ಹಾಕ್ತಿದ್ವಿ. 2025ರ ಏಪ್ರಿಲ್‌ನಲ್ಲಿ ಸರ್ಟಿಫಿಕೇಟ್ ಕೊಡೋ ಸಂಸ್ಥೆಗಳೂ ಬ್ರೌಸರ್ ಕಂಪನಿಗಳೂ ಸೇರಿರೋ ಸಿಎ ಬ್ರೌಸರ್ ಫೋರಮ್ ತೀರ್ಮಾನ ಮಾಡಿದ ಪ್ರಕಾರ ಇವುಗಳ ಗರಿಷ್ಠ ಆಯಸ್ಸು 398 ದಿನದಿಂದ 2026ರ ಮಾರ್ಚ್ 15ಕ್ಕೆ 200 ದಿನ, 2027ರ ಮಾರ್ಚ್ 15ಕ್ಕೆ 100 ದಿನ, 2029ರ ಮಾರ್ಚ್ 15ಕ್ಕೆ 47 ದಿನ. ಕೈಯಲ್ಲಿ ಮಾಡೋ ಕಾಲ ಮುಗೀತು. ಬಹುತೇಕ ಎಲ್ಲಾ ಕಡೆ ತಾನಾಗೇ ರಿನ್ಯೂ ಆಗೋ ಹಂಗೆ ಮಾಡಿದೀವಿ, ಜೊತೆಗೆ ಸಿಎಎ ರೆಕಾರ್ಡ್ ಹಾಕಿ ನಮ್ಮ ಹೆಸರಿಗೆ ಇಂಥ ಎರಡು ಸಂಸ್ಥೆ ಬಿಟ್ಟು ಬೇರೆ ಯಾರೂ ಸರ್ಟಿಫಿಕೇಟ್ ಕೊಡೋ ಹಂಗಿಲ್ಲ ಅಂತ ಬರೆದಿದೀವಿ. ಹಳೇ ದೀಪಾವಳಿ ಆಫರ್‌ಗೆ ಮಾಡಿದ್ದ ಮೂರು ಸಬ್‌ಡೊಮೇನ್ ಮುಚ್ಚಿಹೋದ ಕ್ಲೌಡ್ ಅಕೌಂಟಿನ ಕಡೆ ಇನ್ನೂ ಕೈ ತೋರಿಸ್ತಾ ನಿಂತಿದ್ವು, ಬೇರೆಯವ್ರು ಆ ಜಾಗ ತಗೊಂಡಿದ್ರೆ ನಮ್ಮ ಹೆಸರಲ್ಲೇ ಅಂಗಡಿ ಇಡಬಹುದಿತ್ತು, ಅವನ್ನ ತೆಗೆದ್ವಿ.

ನಿಯಮ ಒಂದೇ ಪುಟ, ಕನ್ನಡದಲ್ಲಿ. ಹೊಸ ಹೆಸರು ಬೇಕಂದ್ರೆ ಯಾಕೆ, ಎಷ್ಟು ದಿನಕ್ಕೆ, ಮುಗಿದ್ಮೇಲೆ ಯಾರ ಜವಾಬ್ದಾರಿ ಅಂತ ಬರೆದು ಕೊಡ್ಬೇಕು, ಅದಾಗಲೇ ಇರೋ ಹೆಸರಿನ ಕೆಳಗೆ ಸಬ್‌ಡೊಮೇನ್ ಸಾಕಾದ್ರೆ ಅದನ್ನೇ ಕೊಡ್ತೀವಿ. ಯಾರೂ ಸ್ವಂತ ಹೆಸರಲ್ಲಿ, ಸ್ವಂತ ಕಾರ್ಡಲ್ಲಿ ತಗೊಳ್ಳೋ ಹಂಗಿಲ್ಲ, ವೆಂಡರ್ ಮೂಲಕವೂ ಇಲ್ಲ. ರಿಜಿಸ್ಟ್ರಾರ್ ಅಕೌಂಟಿನ ಮೇಲ್ ಐಡಿ ಆ ಅಕೌಂಟಲ್ಲೇ ಇರೋ ಡೊಮೇನಿನದ್ದಾಗಿರಬಾರದು, ಹೆಸರು ಹೋದ ದಿನ ಮೇಲ್ ಕೂಡ ಹೋಗಿ ಒಳಗೆ ಸೇರೋಕೇ ಆಗಲ್ಲ. ಲಾಗಿನ್‌ಗೆ ಓಟಿಪಿ ಬದಲು ಕಂಪ್ಯೂಟರಿಗೆ ಚುಚ್ಚೋ ಯುಎಸ್‌ಬಿ ಕೀ, ಮೂರು ಕೀ: ಒಂದು ನನ್ನ ಹತ್ರ, ಒಂದು ಅಕೌಂಟ್ಸ್ ಮೇಡಂ ಹತ್ರ, ಒಂದು ಕಬ್ಬಿಣದ ಬೀರುವಲ್ಲಿ ತೋಟದ ಪಹಣಿ, ಕ್ರಯಪತ್ರಗಳ ಜೊತೆ. ಬೀರುವಲ್ಲಿ ಇಡೋಕೆ ಹೇಳಿದ್ದು ಸಾವ್ಕಾರ್ರೇ. ಮುಖ್ಯವಾದ ಐದು ಹೆಸರಿಗೆ ರಿಜಿಸ್ಟ್ರಿ ಲಾಕ್ ಹಾಕ್ಸಿದೀವಿ, ಅದರ ನೇಮ್‌ಸರ್ವರ್, ಅಂದ್ರೆ ಡಿಎನ್‌ಎಸ್ ಪಟ್ಟಿ ಇರೋ ಸರ್ವರ್, ಬದಲಾಯಿಸ್ಬೇಕಂದ್ರೆ ರಿಜಿಸ್ಟ್ರಾರ್ ಕಡೆಯವ್ರು ಫೋನ್ ಮಾಡಿ ಖಾತ್ರಿ ಮಾಡ್ಕೋಬೇಕು, ಪಾಸ್‌ವರ್ಡ್ ಕದ್ದರೂ ಆಗಲ್ಲ. ಡಾಟ್ ಕಾಮ್‌ಗಳನ್ನ 10 ವರ್ಷಕ್ಕೆ ಕಟ್ಟಿದೀವಿ, ಅದಕ್ಕಿಂತ ಜಾಸ್ತಿ ಕಟ್ಟೋಕೆ ಬಿಡಲ್ಲ. ಹತ್ತು ವರ್ಷ ಅಂದ್ರೆ ನಾನು ಇಲ್ಲಿರ್ತೀನೋ ಇಲ್ವೋ, ಅದಕ್ಕೇ ಪ್ರತಿ ವರ್ಷ ಏಪ್ರಿಲಲ್ಲಿ ಪಟ್ಟಿ ತೆಗೆದು ಮೂರು ಜನ ಕೂತು ಓದೋದು ಅಂತ ಮಾಡಿದೀವಿ, ಹೂಮಳೆ ಬಿದ್ದು ಎಸ್ಟೇಟ್ ಕೆಲಸ ಸ್ವಲ್ಪ ಕಡಿಮೆ ಇರೋ ಸಮಯ.

ಕಾಫಿಪುಡಿ ಹೆಸರನ್ನ ಡಾಟ್ ಭಾರತದಲ್ಲಿ, ಕನ್ನಡ ಅಕ್ಷರದಲ್ಲೇ ತಗೊಂಡಿದೀವಿ. ಮೇಲ್‌ಗೆ ಬಳಸ್ತಿಲ್ಲ, ಬಹಳ ಫಾರಂಗಳು ಕನ್ನಡ ವಿಳಾಸ ತಗೊಳ್ಳಲ್ಲ, ಸದ್ಯಕ್ಕೆ ಟೈಪ್ ಮಾಡಿದ್ರೆ ಮುಖ್ಯ ಸೈಟಿಗೆ ಹೋಗುತ್ತೆ. ಹೊಸ ಪ್ಯಾಕೆಟ್ ಮೇಲೆ ಅದು ಪ್ರಿಂಟ್ ಆಗಿ ಬಂದಾಗ ಶೆಡ್ಡಿನ ಹೆಣ್ಮಕ್ಕಳು ಜೋರಾಗಿ ಓದಿದ್ರು. ಕ್ಯೂಆರ್ ಕೋಡೂ ವಾಪಸ್ ಬಂದಿದೆ, ಈ ಸಲ ನಮ್ಮ ಮುಖ್ಯ ಹೆಸರಿನ ಕೆಳಗೇ. ಹಾಸನದ ಆ ತಾಯಿ ನಂಬರ್ ನನ್ನ ಹತ್ರ ಇತ್ತು, ಫೋನ್ ಮಾಡಿ ಹೇಳಿದೆ. "ಮಗ ಪಿಯುಸಿ ಈಗ, ಕಾಫಿ ನಿಮ್ದೇ ಕುಡಿಯೋದು" ಅಂದ್ರು.

ಬಾಕಿ ಇರೋದು ತೂಕದ ಬ್ರಿಡ್ಜಿನ ಹಳೇ ಕಂಪ್ಯೂಟರ್ರು. ಅದಕ್ಕೆ ತಾನಾಗೇ ಸರ್ಟಿಫಿಕೇಟ್ ಹಾಕಿಸ್ಕೊಳ್ಳೋಕೆ ಬರಲ್ಲ, ಇನ್ನೂ ಕೈಯಲ್ಲೇ ಹಾಕ್ತಿದೀನಿ. 2027ರ ಮಾರ್ಚ್ ಒಳಗೆ ಬದಲಾಯಿಸ್ಬೇಕು. ಕುಯ್ಲು ಸೀಸನ್ನಲ್ಲಿ ಅದನ್ನ ಮುಟ್ಟೋಕೆ ಬಿಡಲ್ಲ, ಹಂಗಾಗಿ ಮಳೆಗಾಲದಲ್ಲೇ ಮಾಡ್ತೀನಿ ಅಂತ ಕ್ಯೂರಿಂಗ್ ಮ್ಯಾನೇಜರ್ ಹತ್ರ ಡೇಟ್ ತಗೊಂಡಿದೀನಿ.